ಐನೂರು ಜನರ ಲೆಕ್ಕಕ್ಕೆ ಸಿಗದ ಕೊಡಗಿನ ಊರುಗಳು

ಕೊಡಗಿನ ಯಾವ ಪಂಚಾಯಿತಿಯ ಗ್ರಾಮಸಭೆಗೆ ಹೋದರೂ ಎರಡು ಬೇಡಿಕೆ ತಪ್ಪದೆ ಕೇಳಿಬರುತ್ತವೆ. ನಮ್ಮ ಪೈಸಾರಿಗೆ (ಸರ್ಕಾರಿ ಜಾಗದಲ್ಲಿ ಬೆಳೆದ ವಸತಿಗೆ) ರಸ್ತೆ ಮಾಡಿಕೊಡಿ ಎಂಬುದು ಒಂದು, ನಿಂತುಹೋದ ಬಸ್ಸನ್ನು ಮತ್ತೆ ಬಿಡಿಸಿ ಎಂಬುದು ಇನ್ನೊಂದು. ಎರಡಕ್ಕೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಜನಸಂಖ್ಯೆ ಸಾಲದು’. ಉತ್ತರ ಕೊಟ್ಟ ಅಧಿಕಾರಿ ಸುಳ್ಳು ಹೇಳಿರುವುದಿಲ್ಲ. ಆದರೆ ಆ ಸಂಖ್ಯೆಯನ್ನು ಎಷ್ಟು ಜಾಗ ಸುತ್ತಿ ಎಣಿಸಿದರು, ಯಾವ ತಿಂಗಳಲ್ಲಿ ಎಣಿಸಿದರು ಎಂದು ಕೇಳುತ್ತಾ ಹೋದರೆ, ಬಯಲುಸೀಮೆಗೆ ಮಾಡಿದ ಅಳತೆಗೋಲನ್ನು ತಂದು ಇಲ್ಲಿ ಇಟ್ಟಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ. 2001ರಲ್ಲಿ ಇದ್ದದ್ದು 5,48,561. ಹತ್ತು ವರ್ಷದಲ್ಲಿ ಇಡೀ ಜಿಲ್ಲೆಗೆ ಸೇರಿದವರು ಆರು ಸಾವಿರಕ್ಕೂ ಕಡಿಮೆ ಜನ, ಬೆಳವಣಿಗೆ ಶೇ 1.09. ಅದೇ ಅವಧಿಯಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. 4,102 ಚದರ ಕಿ.ಮೀ. ವಿಸ್ತೀರ್ಣಕ್ಕೆ ಹಂಚಿದರೆ ಚದರ ಕಿ.ಮೀ.ಗೆ 135 ಜನ. ನೂರಕ್ಕೆ ಸುಮಾರು 85 ಮಂದಿ ಹಳ್ಳಿಗಳಲ್ಲೇ ಇದ್ದಾರೆ. ಜಿಲ್ಲೆಯೊಳಗೆ ಒಂದು ಅಡಿ ರೈಲು ಹಳಿಯಿಲ್ಲ, ವಿಮಾನ ನಿಲ್ದಾಣವಿಲ್ಲ. ಕಾಫಿ ಮೂಟೆಯಿಂದ ಅಡುಗೆ ಅನಿಲದ ಸಿಲಿಂಡರ್‌ವರೆಗೆ, ಹೆರಿಗೆಗೆ ಹೊರಟವರಿಂದ ಪರೀಕ್ಷೆಗೆ ಹೊರಟವರವರೆಗೆ ಎಲ್ಲರೂ ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು.

ಹೊರಗಿನವರಿಗೆ ಅರ್ಥವಾಗದ ಸಂಗತಿ ಎಂದರೆ ಇಲ್ಲಿನ ಊರಿನ ಆಕಾರ. ಮಂಡ್ಯದ ಕಡೆ ಊರೆಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಬೀದಿ, ಸುತ್ತ ಹೊಲಗದ್ದೆ. ಕೊಡಗಿನಲ್ಲಿ ಗದ್ದೆಯ ಮೇಲಂಚಿನಲ್ಲಿ ಒಂದು ಒಕ್ಕದ (ಕುಲದ) ಮೂಲಮನೆಯಾದ ಐನ್‌ಮನೆ, ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಎತ್ತರದ ಜಾಗ) ದಾಟಿದರೆ ಇನ್ನೊಂದು ಒಕ್ಕದ ಮನೆ, ತೋಟದ ಮೂಲೆಯಲ್ಲಿ ಕಾರ್ಮಿಕರ ಲೈನ್ ಮನೆಗಳ ಸಾಲು, ಗುಡ್ಡದ ಬೆನ್ನಿಗೆ ಪೈಸಾರಿ, ಕಾಡಂಚಿಗೆ ಬುಡಕಟ್ಟಿನವರ ಹಾಡಿ. ಇವೆಲ್ಲ ಕಂದಾಯ ದಾಖಲೆಯಲ್ಲಿ ಒಂದೇ ಗ್ರಾಮ. ಆ ಗ್ರಾಮದ ಜನಸಂಖ್ಯೆ ಸಾವಿರದ ಮೇಲಿದ್ದರೂ ಒಂದು ಕಡೆ ನಿಂತು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಲವತ್ತು ಜನ ಸಿಗುವುದಿಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ಅದು ಕಂದಾಯ ಗ್ರಾಮವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಜನವಸತಿಯನ್ನು ಹಿಡಿಯುತ್ತದೆ. ಇದು ಒಳ್ಳೆಯದೇ. ತೊಡಕು ಬರುವುದು ಮುಂದಿನ ಮೆಟ್ಟಿಲಲ್ಲಿ. ಬಯಲು ಪ್ರದೇಶದಲ್ಲಿ 500 ಜನ ಇರುವ, ಗುಡ್ಡಗಾಡು ರಾಜ್ಯಗಳಲ್ಲಿ ಹಾಗೂ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ 250 ಜನ ಇರುವ ವಸತಿಗೆ ರಸ್ತೆ ಎಂಬುದು ನಿಯಮ. ಬಯಲಿನಲ್ಲಿ 500 ಮೀಟರ್ ತ್ರಿಜ್ಯದೊಳಗಿನ ಮನೆಗಳನ್ನು ಒಟ್ಟು ಸೇರಿಸಿ ಎಣಿಸಬಹುದು. ಗುಡ್ಡಗಾಡಿನಲ್ಲಿ ನಡೆದಾರಿಯ 1.5 ಕಿ.ಮೀ.ವರೆಗೆ ಸೇರಿಸಬಹುದು. ಗುಡ್ಡಗಾಡು ಎಂದರೆ ಇಲ್ಲಿ ರಾಜ್ಯಗಳ ಪಟ್ಟಿ: ಈಶಾನ್ಯದ ರಾಜ್ಯಗಳು, ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರ. ಕರ್ನಾಟಕ ಅದರಲ್ಲಿಲ್ಲ. ಐದನೇ ಅನುಸೂಚಿಯ ಪ್ರದೇಶವೂ ಕರ್ನಾಟಕದಲ್ಲಿಲ್ಲ. ಹೀಗಾಗಿ ಭಾಗಮಂಡಲದ ಬೆಟ್ಟವೂ ಕಾಗದದ ಮೇಲೆ ಬಯಲೇ.

ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡಬಹುದು. 500 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 0.785 ಚದರ ಕಿ.ಮೀ. ಜಿಲ್ಲೆಯ ಸರಾಸರಿ ಸಾಂದ್ರತೆಯಂತೆ ಅದರೊಳಗೆ ಇರುವವರು 106 ಜನ. ಕಾಡನ್ನು ಬಿಟ್ಟು ಜನ ವಾಸಿಸುವ ನೆಲವನ್ನಷ್ಟೇ ಹಿಡಿದು ಸಾಂದ್ರತೆ ಎರಡರಷ್ಟು ಎಂದುಕೊಂಡರೂ 212 ಆಗುತ್ತದೆ. 500 ಮುಟ್ಟುವುದಿಲ್ಲ. ಅದೇ ಗುಡ್ಡಗಾಡಿನ ನಿಯಮ ಹಾಕಿ ನೋಡಿ. ತಿರುವು ಮುರುವಿನ 1.5 ಕಿ.ಮೀ. ನಡೆದಾರಿ ನೇರ ಅಳತೆಯಲ್ಲಿ ಒಂದು ಕಿ.ಮೀ. ಎಂದುಕೊಂಡರೆ ವಿಸ್ತೀರ್ಣ 3.14 ಚದರ ಕಿ.ಮೀ., ಜನ 424. ಬೇಕಾದದ್ದು 250 ಮಾತ್ರ. ನೆಲ ಅದೇ, ಮನೆಗಳೂ ಅವೇ, ನಿಯಮ ಬದಲಾದರೆ ಅನರ್ಹ ವಸತಿ ಅರ್ಹವಾಗುತ್ತದೆ. ಕೊಡಗಿನ ಜನಪ್ರತಿನಿಧಿಗಳು ರಸ್ತೆಗೊಂದು ಮನವಿ ಹಿಡಿದು ಓಡಾಡುವುದಕ್ಕಿಂತ ಈ ಒಂದು ನಿಯಮಕ್ಕೆ ಪಟ್ಟು ಹಿಡಿಯುವುದು ಮೇಲು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ನಾಲ್ಕನೇ ಹಂತದಲ್ಲಿ ದೇಶದ 25,000 ವಸತಿಗಳಿಗೆ 62,500 ಕಿ.ಮೀ. ರಸ್ತೆಯ ಗುರಿಯಿದೆ. ಅಲ್ಲಿಯೂ ಇದೇ 500-250ರ ಗೆರೆ, ಅದೂ 2011ರ ಜನಗಣತಿಯ ಆಧಾರದ ಮೇಲೆ.

ಚದುರಿದ ವಸತಿಗೆ ಬೇರೆ ಅಳತೆ ಬೇಕು ಎಂಬ ಮಾತು ಕಾನೂನಿಗೆ ಹೊಸದೇನಲ್ಲ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಎಂದು ಹೇಳಿ, ಕೊಡಗೂ ಸೇರಿ ಮಲೆನಾಡು-ಕರಾವಳಿಯ ಕೆಲವು ಜಿಲ್ಲೆಗಳಿಗೆ 2,500 ಸಾಕು ಎಂದು ವಿನಾಯಿತಿ ಕೊಟ್ಟಿದೆ. ಪಂಚಾಯಿತಿ ಕಚೇರಿಗೆ ಒಪ್ಪಿದ ಮಾತು ಅದರ ಮುಂದಿನ ರಸ್ತೆಗೆ ಯಾಕೆ ಒಪ್ಪಬಾರದು?

ಹಾಡಿಗಳ ರಸ್ತೆಯ ವಿಷಯ ಬೇರೆ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆ ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ವಸತಿಗೆ 100 ಜನ ಇದ್ದರೂ ರಸ್ತೆ ಕೊಡುತ್ತದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ಯರವರು, ಬೆಟ್ಟಕುರುಬರು, ಕುಡಿಯರು ಅದರಲ್ಲಿಲ್ಲ. ದಕ್ಷಿಣ ಕೊಡಗಿನ ಒಂದೇ ಕಾಡಂಚಿನಲ್ಲಿ ಅಕ್ಕಪಕ್ಕ ಇರುವ ಎರಡು ಹಾಡಿಗಳಲ್ಲಿ ಜೇನುಕುರುಬರ ಹಾಡಿಗೆ 100ರ ನಿಯಮ, ಯರವರ ಹಾಡಿಗೆ 500ರ ನಿಯಮ. ಎರಡು ಹಾಡಿಯ ಮಕ್ಕಳೂ ಆನೆ ಓಡಾಡುವ ಒಂದೇ ದಾರಿಯಲ್ಲಿ ಶಾಲೆಗೆ ನಡೆಯುತ್ತಾರೆ. ಇದು ಸರಿಹೋಗಲೇಬೇಕು.

ಹಾಡಿಯ ರಸ್ತೆ ಅರಣ್ಯದ ಹೆಸರಿನಲ್ಲಿ ನಿಲ್ಲುವುದುಂಟು. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ಇಲ್ಲಿ ನೆರವಿಗೆ ಬರುತ್ತದೆ. ರಸ್ತೆ, ಶಾಲೆ, ಅಂಗನವಾಡಿಯಂಥ 13 ಬಗೆಯ ಸೌಲಭ್ಯಕ್ಕೆ ಒಂದು ಬಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಲೇಬೇಕು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಚರಂಡಿ ಸೇರಿ ಐದು ಮೀಟರ್ ಅಗಲ ಹಿಡಿದರೆ ಎರಡು ಕಿ.ಮೀ.ಗೆ ಸ್ವಲ್ಪ ಕಡಿಮೆ ಉದ್ದ ಸಿಗುತ್ತದೆ, ಆರು ಮೀಟರ್ ಹಿಡಿದರೆ 1.6 ಕಿ.ಮೀ. ಬಹಳಷ್ಟು ಹಾಡಿಗಳಿಗೆ ಇಷ್ಟು ಸಾಕು. ಅರ್ಜಿ ವಾಪಸ್ ಬರುವ ಕಾರಣಗಳು ಸಣ್ಣವು. ಗ್ರಾಮಸಭೆಯ ಹಾಜರಿ ಅರ್ಧಕ್ಕಿಂತ ಕಡಿಮೆ ಇರುತ್ತದೆ, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರುವುದಿಲ್ಲ, ಮರಗಳ ಎಣಿಕೆಪಟ್ಟಿ ಲಗತ್ತಿಸಿರುವುದಿಲ್ಲ, ಅಥವಾ ರಸ್ತೆಯ ಅಗಲವನ್ನು ಡಾಂಬರಿನಷ್ಟೇ ಬರೆದು ಚರಂಡಿಯ ಜಾಗ ಬಿಟ್ಟಿರುತ್ತಾರೆ. ಸಭೆಯನ್ನು ಕಾಫಿ ಕೊಯ್ಲಿನ ದಿನ ಕರೆದರೆ ಕೋರಂ ಆಗುವುದಿಲ್ಲ. ಸಂತೆಯ ದಿನವೂ ಅಷ್ಟೇ.

ಓಣಿ, ಒಪ್ಪಿಗೆ ಪತ್ರ, ಚರಂಡಿ

ಜನಸಂಖ್ಯೆ ದಾಟಿದರೂ ರಸ್ತೆ ಆಗದ ಕಡೆ ಕಾರಣ ಜಾಗ. ಗ್ರಾಮ ಸಡಕ್ ಯೋಜನೆಯಲ್ಲಿ ಭೂಸ್ವಾಧೀನಕ್ಕೆ ದುಡ್ಡಿಲ್ಲ, ಜಾಗವನ್ನು ರಾಜ್ಯವೇ ಹೊಂದಿಸಬೇಕು. ಕೊಡಗಿನ ಒಳದಾರಿಗಳು ಹಾದುಹೋಗುವುದು ಜಮ್ಮಾ ಬಾಣೆಯಲ್ಲಿ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಬಾಣೆಯಲ್ಲಿ), ತೋಟದ ನಡುವೆ. ಪಹಣಿಯಲ್ಲಿ ಒಕ್ಕದ ಹಲವರ ಹೆಸರು ಜಂಟಿಯಾಗಿ ಇರುತ್ತದೆ, ಅರ್ಧ ಮಂದಿ ಬೆಂಗಳೂರು ಮೈಸೂರಿನಲ್ಲಿ ಇರುತ್ತಾರೆ. ಊರಿನಲ್ಲಿರುವ ಹಿರಿಯರು ಬಾಯಿಮಾತಿನಲ್ಲಿ ‘ಮಾಡಿಕೊಳ್ಳಿ’ ಎಂದದ್ದು ಸಾಕಾಗುವುದಿಲ್ಲ. ಹೆಸರಿರುವ ಎಲ್ಲರ ಸಹಿಯ ಒಪ್ಪಿಗೆ ಪತ್ರ, ಸರ್ವೆ ನಂಬರ್, ಅಗಲ, ಉದ್ದ, ನಕ್ಷೆ ಇವಿಷ್ಟನ್ನು ಅಂದಾಜುಪಟ್ಟಿ ಮಾಡಿಸುವ ಮೊದಲೇ ಕೈಯಲ್ಲಿ ಇಟ್ಟುಕೊಳ್ಳಬೇಕು. ಹುತ್ತರಿ, ಕೈಲ್ ಪೊಳ್ದು ಹಬ್ಬಗಳಿಗೆ ಒಕ್ಕದವರೆಲ್ಲ ಐನ್‌ಮನೆಗೆ ಬರುತ್ತಾರೆ. ಸಹಿ ಮಾಡಿಸಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಐನ್‌ಮನೆಗೆ ಹೋಗುವ ಓಣಿಯನ್ನು ನೋಡಿದವರಿಗೆ ಗೊತ್ತು: ಎರಡೂ ಬದಿ ಆಳೆತ್ತರದ ಮಣ್ಣಿನ ಗೋಡೆ, ನಡುವೆ ಒಂದು ವಾಹನ ಹೋಗುವಷ್ಟು ಜಾಗ. ಮಳೆ ಬಂದರೆ ಅದೇ ತೋಡು. ಇಂಥ ಓಣಿಗೆ ಪಂಚಾಯಿತಿಯ ಅನುದಾನದಲ್ಲಿ ಕಾಂಕ್ರೀಟ್ ಹಾಕುವಾಗ ಅಗಲ ಉಳಿಸಲು ಚರಂಡಿಯನ್ನು ಕೈಬಿಡುತ್ತಾರೆ. ಮೊದಲ ಮಳೆಗಾಲದಲ್ಲಿ ನೀರು ಕಾಂಕ್ರೀಟಿನ ಮೇಲೆಯೇ ಹರಿಯುತ್ತದೆ. ಎರಡನೆಯದರಲ್ಲಿ ಅಂಚಿನ ಮಣ್ಣನ್ನು ಕೊರೆದು ಚಪ್ಪಡಿಯ ಅಡಿಗೆ ನುಗ್ಗುತ್ತದೆ. ಮೂರನೆಯದರಲ್ಲಿ ಅಡಿಪಾಯವಿಲ್ಲದೆ ನಿಂತ ಅಂಚು ಪಿಕಪ್‌ನ ಹಿಂದಿನ ಚಕ್ರಕ್ಕೆ ಮುರಿದು ಬೀಳುತ್ತದೆ. ದೂರು ಬಂದಾಗ ‘ಕಳಪೆ ಸಿಮೆಂಟು’ ಎನ್ನುತ್ತಾರೆ. ಸಿಮೆಂಟು ಸರಿಯಿದ್ದರೂ ಇದು ಹೀಗೆಯೇ ಆಗುತ್ತದೆ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಓಣಿ ಮೂರೂವರೆ ಮೀಟರ್ ಅಗಲವಿದ್ದರೆ ಮೂರು ಮೀಟರ್ ಕಾಂಕ್ರೀಟ್ ಸಾಕು, ಉಳಿದ ಅರ್ಧ ಮೀಟರನ್ನು ಗುಡ್ಡದ ಬದಿಯ ಚರಂಡಿಗೆ ಬಿಡಿ. ಚಪ್ಪಡಿ 15 ಸೆಂ.ಮೀ. ದಪ್ಪ, ನಾಲ್ಕು ಮೀಟರಿಗೊಂದು ಜಾಯಿಂಟ್. ಇಳಿಜಾರಿನಲ್ಲಿ ಮೇಲ್ಮೈಯನ್ನು ನುಣುಪು ಮಾಡದೆ ಅಡ್ಡಗೆರೆ ಎಳೆಸಬೇಕು, ಇಲ್ಲದಿದ್ದರೆ ಪಾಚಿ ಹಿಡಿದ ಜುಲೈಯಲ್ಲಿ ಜೀಪು ಹತ್ತುವುದಿಲ್ಲ. ಇಳಿಜಾರಿನಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಲಾಗದು, ಆದ್ದರಿಂದ ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 14 ದಿನ ಕ್ಯೂರಿಂಗ್ ಮಾಡಿಸಬೇಕು. ಮಾರ್ಚ್ ಕೊನೆಗೆ ಬಿಲ್ ಮಾಡುವ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಈ 14 ದಿನ.

ಡಾಂಬರು ರಸ್ತೆಯಲ್ಲಿ ನಡು ಎತ್ತರ ನೋಡಿ. ಹೆಚ್ಚು ಮಳೆಯ ಕಡೆ ಅಡ್ಡ ಇಳಿಜಾರು ನೂರಕ್ಕೆ ಮೂರೂವರೆ ಇರಬೇಕು. 3.75 ಮೀಟರ್ ಅಗಲದ ರಸ್ತೆಗೆ ಇದರರ್ಥ ನಡುಭಾಗ ಅಂಚಿಗಿಂತ ಸುಮಾರು 6.5 ಸೆಂ.ಮೀ. ಮೇಲಿರಬೇಕು. ಅಡ್ಡಲಾಗಿ ಒಂದು ದಾರ ಎಳೆದು ಸ್ಕೇಲಿನಲ್ಲಿ ಯಾರು ಬೇಕಾದರೂ ಅಳೆಯಬಹುದು. ಮೋರಿಯ ಕೊಳವೆ ಸಣ್ಣದಾದರೆ ಸಿಲ್ವರ್ ಓಕ್ ಎಲೆ, ಕಾಫಿ ಗಿಡ ಸವರಿದ ಕಡ್ಡಿ ಸೇರಿ ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಒಂದು ಮೀಟರ್ ವ್ಯಾಸದ್ದಾದರೆ ಆಳು ಬಗ್ಗಿ ಒಳಗೆ ಹೋಗಿ ಕಸ ಎಳೆಯಬಹುದು. ಕಟ್ಟಿಕೊಂಡ ಮೋರಿಯ ನೀರು ರಸ್ತೆ ದಾಟಿ ಕೆಳಬದಿಯ ತುಂಬುಮಣ್ಣನ್ನು ನೆನೆಸುತ್ತದೆ. ಕೆಳಬದಿ ಜರಿಯುವುದು ಆಮೇಲೆ. ಮೇ ಕೊನೆಯ ವಾರ ಪ್ರತಿ ಮೋರಿಯ ಎರಡೂ ಬಾಯಿ ತೆರವು ಮಾಡಿಸಿದ ಪಂಚಾಯಿತಿಗೂ ಮಾಡಿಸದ ಪಂಚಾಯಿತಿಗೂ ಆಗಸ್ಟಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಬಸ್ಸು ಯಾಕೆ ನಿಲ್ಲುತ್ತದೆ

ರಸ್ತೆಯ ಲೆಕ್ಕ ತಲೆ ಎಣಿಕೆಯ ಮೇಲೆ ನಿಂತರೆ ಬಸ್ಸಿನ ಲೆಕ್ಕ ಪ್ರತಿ ಕಿ.ಮೀ. ಗಳಿಕೆಯ ಮೇಲೆ ನಿಲ್ಲುತ್ತದೆ. ಮುಖ್ಯರಸ್ತೆಯಿಂದ 12 ಕಿ.ಮೀ. ಒಳಗಿರುವ ಒಂದು ಊರನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಪಟ್ಟಣದಿಂದ ಬಸ್ಸು ಖಾಲಿ ಬರುತ್ತದೆ, ಶಾಲೆ ಕಾಲೇಜಿನ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಸಂಜೆ ತುಂಬಿಕೊಂಡು ಬರುತ್ತದೆ, ಖಾಲಿ ವಾಪಸಾಗುತ್ತದೆ. ಆ ಕವಲಿನಲ್ಲಿ ದಿನಕ್ಕೆ 48 ಕಿ.ಮೀ. ಓಡಿ 24 ಕಿ.ಮೀ. ಖಾಲಿ. ಜನ ನಿಂತುಕೊಂಡು ಹೋಗುವ ಬಸ್ಸಿನ ಸರಾಸರಿಯೂ ಕಾಗದದಲ್ಲಿ ಅರ್ಧ ಖಾಲಿ ಎಂದೇ ಕಾಣುತ್ತದೆ. ಅದರಲ್ಲಿ ಹೆಚ್ಚಿನವು ವಿದ್ಯಾರ್ಥಿ ಪಾಸು, ಅಂದಂದಿನ ನಗದು ಸಂಗ್ರಹದಲ್ಲಿ ಕಾಣದ ಪ್ರಯಾಣಿಕರು.

ಇದಕ್ಕೆ ಹಳೆಯ ಪರಿಹಾರವೇ ಇಂದಿಗೂ ಒಳ್ಳೆಯದು: ರಾತ್ರಿ ಹಾಲ್ಟ್ ಬಸ್. ಸಂಜೆ ತುಂಬಿಕೊಂಡು ಬಂದ ಬಸ್ಸು ಊರಲ್ಲೇ ತಂಗಿ ಬೆಳಿಗ್ಗೆ ತುಂಬಿಕೊಂಡು ಹೊರಟರೆ ಆ 24 ಕಿ.ಮೀ. ಖಾಲಿ ಓಟ ಪೂರ್ತಿ ಉಳಿಯುತ್ತದೆ. ಗಳಿಕೆ ಅಷ್ಟೇ ಇದ್ದು ಓಡಿದ ದೂರ ಅರ್ಧವಾಗುತ್ತದೆ. ಹಾಲ್ಟ್ ಕೇಳುವ ಊರು ಚಾಲಕ-ನಿರ್ವಾಹಕರಿಗೆ ಬೀಗವಿರುವ ಕೋಣೆ, ಶೌಚಾಲಯ, ನೀರು, ದೀಪ ಒದಗಿಸಬೇಕು. ಮಳೆಗಾಲದಲ್ಲಿ ಸೋರುವ ಸಮುದಾಯ ಭವನದ ಮೂಲೆ ತೋರಿಸಿದರೆ ಜುಲೈಯೊಳಗೆ ಹಾಲ್ಟ್ ರದ್ದಾಗುತ್ತದೆ. ಬಸ್ಸು ತಿರುಗಿಸಲು ಗಟ್ಟಿ ನೆಲವೂ ಬೇಕು. 12 ಮೀಟರ್ ಉದ್ದದ ಬಸ್ಸು ಒಂದೇ ಸುತ್ತಿಗೆ ತಿರುಗಲು ಸುಮಾರು 25 ಮೀಟರ್ ಅಗಲದ ಜಾಗ ಕೇಳುತ್ತದೆ. ಅಷ್ಟಿಲ್ಲದಿದ್ದರೆ ಕವಲುದಾರಿಗೆ ಹಿಂದೆ ಸರಿಸಿ ತಿರುಗಿಸುವಂತೆ 15 ಮೀಟರ್ ಉದ್ದಕ್ಕೆ ಕಲ್ಲು ಹಾಸಿಸಿ. ರಸ್ತೆ ಸರಿಯಿದ್ದರೂ ಕೊನೆಯ ಸ್ಟಾಪಿನ ಕೆಸರಲ್ಲಿ ಬಸ್ಸು ಹೂತರೆ ಟ್ರಿಪ್ ನಿಲ್ಲಬಹುದು.

ಹಿಮ್ಮುರಿ (ಹೇರ್‌ಪಿನ್) ತಿರುವುಗಳನ್ನೂ ಮೊದಲೇ ಅಳೆದಿಡಬೇಕು. ಒಳಬದಿಯ ತ್ರಿಜ್ಯ 14 ಮೀಟರ್, ತಿರುವಿನ ನಡುವೆ ರಸ್ತೆ ಅಗಲ 6.5 ಮೀಟರ್ ಎಂಬುದು ಗುಡ್ಡದ ಹಳ್ಳಿ ರಸ್ತೆಗಳ ಕನಿಷ್ಠ. ಅದಕ್ಕಿಂತ ಕಡಿಮೆ ಇದ್ದರೆ ದೊಡ್ಡ ಬಸ್ಸು ಕೇಳಿ ಪ್ರಯೋಜನವಿಲ್ಲ, ಒಂಬತ್ತು ಮೀಟರಿನ ಮಿಡಿ ಬಸ್ ಕೇಳಿ. ಎದುರು ವಾಹನಕ್ಕೆ ಜಾಗ ಬಿಡಲು ಕಿ.ಮೀ.ಗೆ ಎರಡು ಮೂರು ಕಡೆ ರಸ್ತೆ ಅಗಲಿಸಿರಬೇಕು.

ಕೆಎಸ್‌ಆರ್‌ಟಿಸಿಯ ಮಡಿಕೇರಿ ಘಟಕ ಪುತ್ತೂರು ವಿಭಾಗದಡಿ ಬರುತ್ತದೆ. ಹಾಗಾಗಿ ಮನವಿಯ ಒಂದು ಪ್ರತಿ ಘಟಕ ವ್ಯವಸ್ಥಾಪಕರಿಗೆ, ಇನ್ನೊಂದು ಪುತ್ತೂರಿನ ವಿಭಾಗೀಯ ನಿಯಂತ್ರಣಾಧಿಕಾರಿಗೆ ಹೋಗಬೇಕು. ‘ನಮ್ಮೂರಿಗೆ ಬಸ್ಸು ಬೇಕು’ ಎಂದು ಇನ್ನೂರು ಸಹಿ ಹಾಕಿದ ಪತ್ರಕ್ಕಿಂತ, ಸ್ಟಾಪಿನಿಂದ ಸ್ಟಾಪಿಗೆ ಎಷ್ಟು ಕಿ.ಮೀ., ಎಷ್ಟು ಗಂಟೆಗೆ ಎಷ್ಟು ಜನ, ಅದರಲ್ಲಿ ಪಾಸಿನವರು ಎಷ್ಟು, ಸಂತೆಯ ದಿನ ಎಷ್ಟು ಎಂಬ ಒಂದು ಪುಟದ ಪಟ್ಟಿ ಕೆಲಸ ಮಾಡುತ್ತದೆ. ಮಡಿಕೇರಿಗೆ ಶುಕ್ರವಾರ, ವಿರಾಜಪೇಟೆಗೆ ಬುಧವಾರ, ಗೋಣಿಕೊಪ್ಪಕ್ಕೆ ಭಾನುವಾರ ಸಂತೆ. ಆ ಒಂದು ದಿನದ ಜನವನ್ನು ವಾರದ ಸರಾಸರಿಯಲ್ಲಿ ಕರಗಿಸಬಾರದು. ಟ್ರಿಪ್ ನಿಲ್ಲಿಸಿದರೆ ಲಿಖಿತ ಕಾರಣ ಕೇಳಿ. ಮಳೆಗೆ ನಿಂತದ್ದು ಎಂದು ದಾಖಲಾದರೆ ಸೆಪ್ಟೆಂಬರಿನಲ್ಲಿ ಮತ್ತೆ ಕೇಳಬಹುದು. ಜನ ಇಲ್ಲ ಎಂದು ದಾಖಲಾದರೆ ಬಸ್ಸು ಬೇರೆ ಕಡೆಗೆ ಹೋಗಿರುತ್ತದೆ.

ಜಿಲ್ಲೆಯ ಬಹಳಷ್ಟು ಒಳಮಾರ್ಗಗಳನ್ನು ಹಿಡಿದು ನಿಲ್ಲಿಸಿರುವುದು ಖಾಸಗಿ ಬಸ್ಸುಗಳು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಅವುಗಳಿಗೆ ಅನ್ವಯಿಸುವುದಿಲ್ಲ. ಖಾಸಗಿ ಬಸ್ಸು ಮಾತ್ರ ಬರುವ ಪೈಸಾರಿಯ ಮಹಿಳೆಗೆ ಉಚಿತ ಪ್ರಯಾಣ ಶುರುವಾಗುವುದು ಮುಖ್ಯರಸ್ತೆಗೆ ದುಡ್ಡು ಕೊಟ್ಟು ತಲುಪಿದ ಮೇಲೆಯೇ. ಬಸ್ಸೇ ಇಲ್ಲದ ಕಡೆ ಜೀಪು, ಪಿಕಪ್. ಸರಕಿನ ಪಿಕಪ್‌ನಲ್ಲಿ ತೋಟದ ಕಾರ್ಮಿಕರನ್ನು ನಿಲ್ಲಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತಕರಾರು ಬರುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 87ರಲ್ಲಿ ಹಂಗಾಮಿನ ಕೆಲಸಕ್ಕೆಂದೇ ನಾಲ್ಕು ತಿಂಗಳವರೆಗಿನ ತಾತ್ಕಾಲಿಕ ಪರ್ಮಿಟ್‌ಗೆ ಅವಕಾಶವಿದೆ. ಕಾಫಿ ಕೊಯ್ಲು ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಸರಿಯಾಗಿ ಅಷ್ಟೇ ಅವಧಿ. ಹನ್ನೆರಡು ಸೀಟಿನ ಮ್ಯಾಕ್ಸಿಕ್ಯಾಬ್‌ಗಳಿಗೆ ಈ ಪರ್ಮಿಟ್ ಕೊಡಿಸುವಂತೆ ಬೆಳೆಗಾರರ ಸಂಘಗಳು ಸಾರಿಗೆ ಪ್ರಾಧಿಕಾರವನ್ನು ಅಕ್ಟೋಬರಿನಲ್ಲೇ ಕೇಳಬೇಕು.

ಗಡಿಯಂಚಿನ ಪಂಚಾಯಿತಿಗಳ ಸ್ಥಿತಿ ಇನ್ನೂ ಬಿಗಿ. ಪೆರಾಜೆ, ಚೆಂಬು, ಸಂಪಾಜೆಯವರಿಗೆ ತಾಲ್ಲೂಕು ಕಚೇರಿ ಘಾಟಿಯ ಮೇಲೆ ಮಡಿಕೇರಿಯಲ್ಲಿ, ಪೇಟೆ ಕೆಳಗೆ ಸುಳ್ಯದಲ್ಲಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಡಿಕೇರಿ-ಸಂಪಾಜೆ ಹೆದ್ದಾರಿ ಕಡಿದಾಗ ಅವರು ತಮ್ಮ ತಾಲ್ಲೂಕು ಕೇಂದ್ರದಿಂದಲೇ ದೂರವಾದರು. ಕರಿಕೆಯವರಿಗೆ ಭಾಗಮಂಡಲದ ಘಾಟಿ ಬಿಟ್ಟರೆ ಹತ್ತಿರದ್ದು ಕೇರಳದ ಪಾಣತ್ತೂರು. ಮೈಸೂರು-ಕುಶಾಲನಗರ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಭಾಗಮಂಡಲದಲ್ಲಿ ಪ್ರವಾಹದ ಮೇಲೆ ಹಾದುಹೋಗುವ ಮೇಲ್ಸೇತುವೆ ಬಂದಿದೆ. ಇವು ಬೇಕಾದವೇ. ಆದರೆ ಹೆದ್ದಾರಿಯಿಂದ ಆರು ಕಿ.ಮೀ. ಒಳಗಿನ ಪೈಸಾರಿಗೆ ಅದರಿಂದ ಒಂದು ಟ್ರಿಪ್ಪೂ ಹೆಚ್ಚಾಗುವುದಿಲ್ಲ.

ಫೆಬ್ರುವರಿಯ ಎಣಿಕೆ

ಮುಂದಿನ ಯೋಜನೆಗಳು ಹಿಡಿಯುವ ಅಂಕಿ 2027ರ ಜನಗಣತಿಯದ್ದು. ಮನೆಪಟ್ಟಿಯ ಹಂತಕ್ಕೆ ನಿಗದಿಯಾದದ್ದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಜನರ ಎಣಿಕೆಗೆ 2027ರ ಫೆಬ್ರುವರಿ, ಆಧಾರ ದಿನಾಂಕ ಮಾರ್ಚ್ 1. ಫೆಬ್ರುವರಿ ಎಂದರೆ ಇಲ್ಲಿ ರೋಬಸ್ಟಾ ಕೊಯ್ಲಿನ ನಡುಗಾಲ, ಕರಿಮೆಣಸಿನ ಆರಂಭ. ಲೈನ್ ಮನೆಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದವರು ತುಂಬಿರುತ್ತಾರೆ. ಎಣಿಕೆಯ ಅವಧಿ ಪೂರ್ತಿ ತಮ್ಮ ಊರಿನಿಂದ ಹೊರಗಿರುವವರನ್ನು ಅವರು ಇದ್ದ ಕಡೆಯೇ ಎಣಿಸಬೇಕು ಎಂಬುದು ಜನಗಣತಿಯ ನಿಯಮ. ಅವರು ಕೊಡಗಿನ ಲೆಕ್ಕಕ್ಕೆ ಬರಬೇಕಾದವರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರ ಮಕ್ಕಳು ಬೆಂಗಳೂರಿನ ಲೆಕ್ಕಕ್ಕೇ ಹೋಗುತ್ತಾರೆ, ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲೇ ಇದ್ದರೂ.

ಬಿಟ್ಟುಹೋಗುವುದು ಹೇಗೆ ಎಂಬುದು ಊಹಿಸಲಾಗದ ಸಂಗತಿಯಲ್ಲ. ಎಣಿಕೆದಾರರು ತೋಟದ ಗೇಟಿಗೆ ಬಂದಾಗ ಕಾರ್ಮಿಕರು ಕೊಯ್ಲಿಗೆ ಹೋಗಿರುತ್ತಾರೆ, ಲೈನ್‌ಗೆ ಬೀಗ. ತೋಟದ ಲೆಕ್ಕ ನೋಡುವ ರೈಟರ್ ಅಂದಾಜಿನಲ್ಲಿ ಒಂದು ಸಂಖ್ಯೆ ಹೇಳುತ್ತಾರೆ, ಇಲ್ಲವೇ ‘ಅವರು ಇಲ್ಲಿಯವರಲ್ಲ’ ಎಂದು ಕಳಿಸುತ್ತಾರೆ. ಮನೆಪಟ್ಟಿ ಮಳೆಗಾಲದಲ್ಲಿ ಆಗಿದ್ದರೆ ಆಗ ಖಾಲಿಯಿದ್ದ ಲೈನ್ ‘ಬೀಗ ಹಾಕಿದ ಮನೆ’ ಎಂದು ದಾಖಲಾಗಿರುತ್ತದೆ. ಇದನ್ನು ತಪ್ಪಿಸಲು ಪಂಚಾಯಿತಿ ಮಾಡಬಹುದಾದ್ದು ಇಷ್ಟು: ಜನವರಿಯಲ್ಲೇ ವಾರ್ಡಿನ ಪ್ರತಿ ತೋಟದ ಲೈನ್ ಮನೆಗಳ ಪಟ್ಟಿ, ಕೋಣೆಗಳ ಸಂಖ್ಯೆ, ರೈಟರ್ ಅಥವಾ ಮೇಸ್ತ್ರಿ ಸಿಗುವ ಹೊತ್ತು ಬರೆದು ಎಣಿಕೆದಾರರಿಗೆ ಕೊಡುವುದು, ಎಣಿಕೆಗೆ ಸಂಜೆ ಐದರ ನಂತರದ ಹೊತ್ತನ್ನೋ ಸಂತೆಯ ರಜೆಯನ್ನೋ ಗೊತ್ತುಮಾಡುವುದು.

ಅದೇ ಪಟ್ಟಿಗೆ ಇನ್ನು ಮೂರು ಅಂಕಣ ಸೇರಿಸಿದರೆ ಪಂಚಾಯಿತಿಗೆ ತನ್ನದೇ ಲೆಕ್ಕ ಸಿಗುತ್ತದೆ. ಬಾಗಿಲಿನಿಂದ ಸರ್ವಋತು ರಸ್ತೆಗೆ ನಡೆದಾರಿಯಲ್ಲಿ ಎಷ್ಟು ಮೀಟರ್, ಅಲ್ಲಿಂದ ಬಸ್ ಸ್ಟಾಪಿಗೆ ಎಷ್ಟು, ಫೆಬ್ರುವರಿ ಮತ್ತು ಆಗಸ್ಟ್ ಎರಡರಲ್ಲೂ ಮನೆಯಲ್ಲಿ ಎಷ್ಟು ಜನ. ದೂರವನ್ನು ಮೊಬೈಲ್ ಹಿಡಿದು ನಡೆದೇ ಅಳೆಯಬೇಕು, ನಕ್ಷೆಯ ಮೇಲಿನ ನೇರ ಗೆರೆ ಇಲ್ಲಿ ಅರ್ಧ ದೂರವನ್ನು ಮುಚ್ಚಿಡುತ್ತದೆ. ವಾರ್ಡಿನ ಮನೆಗಳನ್ನು ಆಶಾ ಕಾರ್ಯಕರ್ತೆ, ನೀರಗಂಟಿ ಮತ್ತು ಸದಸ್ಯರು ಹಂಚಿಕೊಂಡರೆ ಇದು ಎರಡು ವಾರದ ಕೆಲಸ. ವಾರ್ಡ್ ಸಭೆಯಲ್ಲಿ ಓದಿ, ಗ್ರಾಮಸಭೆಯ ನಡಾವಳಿಗೆ ಸೇರಿಸಿ, ನಕಲನ್ನು ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗಕ್ಕೂ ಬಸ್ ಘಟಕಕ್ಕೂ ಕಳಿಸಿ ಸ್ವೀಕೃತಿ ಪಡೆಯಿರಿ. ‘ಜನಸಂಖ್ಯೆ ಸಾಲದು’ ಎಂಬ ಉತ್ತರ ಮತ್ತೆ ಬಂದರೆ, ಈ ಪಟ್ಟಿಯ ಯಾವ ಸಾಲು ತಪ್ಪು ಎಂದು ಲಿಖಿತವಾಗಿ ಕೇಳಲು ಆಗ ಆಧಾರವಿರುತ್ತದೆ.